ಬಳ್ಳಾರಿಯಲ್ಲಿ ಐದು ದಿನದ ಸಂಶೋಧನಾ ಬರವಣಿಗೆ ಕಾರ್ಯಾಗಾರ: ಬಂದವರು ಎರಡು ಪುಟ ಬರೆದುಕೊಂಡು ಮನೆಗೆ ಹೋಗಬೇಕು, ಹೇಗೆ ಮಾಡೋಣ?

ಕೋಟೆ_ಕೆಳಗಿನ_ಮನೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಪಿಎಚ್‌ಡಿ ಮುಗಿದು ಮೂರು ವರ್ಷ ಆಯಿತು. ನಾವು ನಾಲ್ಕು ಜನ ಸೇರಿ ದಸರಾ ಆಸುಪಾಸಿನಲ್ಲಿ ಐದು ದಿನದ ಬರವಣಿಗೆ ಕಾರ್ಯಾಗಾರ ಮಾಡಬೇಕು ಅಂತ ಓಡಾಡುತ್ತಿದ್ದೇವೆ. ಹೊಸದಾಗಿ ಕೆಲಸಕ್ಕೆ ಸೇರಿದವರು, ಅತಿಥಿ ಉಪನ್ಯಾಸಕರು, ಪಿಎಚ್‌ಡಿ ಬರೆಯುವ ಹಂತಕ್ಕೆ ಬಂದವರು, ಇವರಿಗಾಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಬರಲಿ ಅಂತ ಆಸೆ.

ಯಾಕೆ ಈ ಯೋಚನೆ ಬಂತು ಅಂತ ಹೇಳಿಬಿಡುತ್ತೇನೆ. ನಾನು ಇದುವರೆಗೆ ಏಳು ಕಾರ್ಯಾಗಾರಗಳಿಗೆ ಹೋಗಿದ್ದೇನೆ. ಎಲ್ಲ ಕಡೆಯೂ ಒಳ್ಳೆಯ ಉಪನ್ಯಾಸಕರು ಬಂದಿದ್ದರು. ಸಂಶೋಧನೆ ಎಂದರೇನು, ಅದರ ವಿಧಗಳು ಎಷ್ಟು, ಮಾದರಿ ಆಯ್ಕೆ ಹೇಗೆ, ಎಲ್ಲ ಹೇಳಿದರು. ನಾನು ಬರೆದುಕೊಂಡೆ. ಆದರೆ ಆ ಏಳರಲ್ಲಿ ಒಂದರಲ್ಲೂ ನನ್ನದೇ ಬರಹದ ಒಂದು ಸಾಲನ್ನು ಯಾರೂ ಓದಲಿಲ್ಲ. ನಾನೂ ಒಂದು ಸಾಲು ಬರೆಯಲಿಲ್ಲ.

ಪಿಎಚ್‌ಡಿ ಮುಗಿದ ಮೇಲೆ ಮೂರನೇ ಅಧ್ಯಾಯವನ್ನು ಒಂದು ನಿಯತಕಾಲಿಕೆಗೆ ಕಳಿಸಿದೆ. 42 ಪುಟ. ಹಾಗೇ ಕಳಿಸಿದೆ! ಐದನೇ ದಿನಕ್ಕೆ ಎರಡು ಸಾಲಿನ ಉತ್ತರ ಬಂತು, ತೆಗೆದುಕೊಳ್ಳಲು ಆಗುವುದಿಲ್ಲ ಅಂತ. ಅಧ್ಯಾಯ ಬೇರೆ, ಲೇಖನ ಬೇರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ನಮ್ಮ ವಿಭಾಗದ ಹಿರಿಯ ಅಕ್ಕ ಒಬ್ಬರು ಎರಡು ಸಂಜೆ ನನ್ನ ಜೊತೆ ಕೂತರು. "ಇದರಲ್ಲಿ ನೀನು ಹೊಸದಾಗಿ ಕಂಡದ್ದು ಒಂದೇ ಒಂದು ವಾಕ್ಯದಲ್ಲಿ ಹೇಳು" ಅಂದರು. ನನಗೆ ಹೇಳಲು ಬರಲಿಲ್ಲ. ಅರ್ಧ ಗಂಟೆ ತಡವರಿಸಿದೆ. ಆ ವಾಕ್ಯ ಸಿಕ್ಕ ಮೇಲೆ 42 ಪುಟ 14 ಆಯಿತು. ಆ ಲೇಖನ ಪ್ರಕಟವಾಯಿತು.

ಆ ಎರಡು ಸಂಜೆ ಎಲ್ಲರಿಗೂ ಸಿಗಬೇಕು. ನನಗೆ ಬೇಕಿರುವುದು ಇಷ್ಟೇ. ಹೇಗೆ ಮಾಡುವುದು, ಹೇಳಿ.

---

ಬಿಸಿಲೂರು, ರಾಯಚೂರು

ಒಳ್ಳೆಯ ಕೆಲಸ ಮೇಡಂ. ಒಂದು ವಿನಂತಿ. ಪ್ರಮಾಣಪತ್ರ ಬೇಡ ಅಂತ ಮಾತ್ರ ಮಾಡಬೇಡಿ. ನಮ್ಮಂಥವರಿಗೆ ಸಂದರ್ಶನದಲ್ಲಿ ತೋರಿಸಲು ಅದೇ ಆಧಾರ. ಕಾಯಂ ಆದವರಿಗೂ ಬಡ್ತಿ ಸಮಯದಲ್ಲಿ ಅದನ್ನು ಕೇಳುತ್ತಾರೆ. ಪ್ರಮಾಣಪತ್ರಕ್ಕೆ ಬರುವವರನ್ನು ಕೀಳಾಗಿ ನೋಡುವುದು ಸರಿಯಲ್ಲ.

---

ಕೋಟೆ_ಕೆಳಗಿನ_ಮನೆ, ಬಳ್ಳಾರಿ

ನಿಮ್ಮ ಮಾತು ಸರಿ ಸರ್. ಖಂಡಿತ ಕೊಡುತ್ತೇವೆ. ಆದರೆ ಕೊನೆಯ ದಿನ ಎರಡು ಪುಟ ಒಪ್ಪಿಸಿದವರಿಗೆ. ಹಾಜರಾತಿ ಸಹಿ ನೋಡಿ ಕೊಡುವುದು ಬೇಡ ಅಂತ ನನ್ನ ಅನಿಸಿಕೆ.

---

ಗಂಗಾವತಿ_ಗೆಳತಿ

ಅಕ್ಕ, ನಾನು ಅತಿಥಿ ಉಪನ್ಯಾಸಕಿ. ಅರ್ಥಶಾಸ್ತ್ರ. ಕನ್ನಡ ಮಾಧ್ಯಮದಲ್ಲೇ ಎಂಎವರೆಗೆ ಓದಿದವಳು. ಮಗಳಿಗೆ ನಾಲ್ಕು ವರ್ಷ.

ಮೊದಲು ಸಮಯದ ಮಾತು. ಐದು ದಿನ ಬೆಳಿಗ್ಗೆ ಒಂಬತ್ತೂವರೆಗೆ ಬಳ್ಳಾರಿಯಲ್ಲಿ ಇರಬೇಕು ಅಂದರೆ ನಾನು ಗಂಗಾವತಿಯಿಂದ ಆರು ಗಂಟೆ ಬಸ್ಸಿಗೆ ಹೊರಡಬೇಕು. ಅಲ್ಲೇ ಉಳಿಯುವುದಾದರೆ ಮಗಳನ್ನು ಕರೆತರಬೇಕು. ನಮಗೆ ರಜೆ ಹಾಕಿದರೆ ಆ ದಿನದ ಪಾಠದ ಹಣ ಹೋಗುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ಬರುತ್ತೇನೆ. ಆದರೆ ಬರಲಾಗದವರು ತುಂಬ ಜನ ಇದ್ದಾರೆ. ಒಂದು ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಒಬ್ಬರು ಇದ್ದರೆ ಹೆಣ್ಣುಮಕ್ಕಳ ಸಂಖ್ಯೆ ತಾನಾಗಿಯೇ ಜಾಸ್ತಿ ಆಗುತ್ತದೆ.

ಎರಡನೆಯದು ಹೇಳಲು ಸ್ವಲ್ಪ ಕಷ್ಟ. ಕೆಲವು ವರ್ಷದ ಹಿಂದೆ ಒಂದು ಕಡೆ ಹೋಗಿದ್ದೆ. ಅಲ್ಲಿ ಬಂದಿದ್ದ ಒಬ್ಬ ಅತಿಥಿಗಳು ನನ್ನ ಇಂಗ್ಲಿಷ್ ಸಾರಾಂಶವನ್ನು ಪರದೆ ಮೇಲೆ ಹಾಕಿ ತಪ್ಪುಗಳನ್ನು ಒಂದೊಂದಾಗಿ ಓದಿದರು. ಕೋಣೆಯಲ್ಲಿ ನಗು ಬಂತು. ಅವರು ಕೆಟ್ಟ ಮನಸ್ಸಿನಿಂದ ಮಾಡಿರಲಿಕ್ಕಿಲ್ಲ. ಆದರೆ ನಾನು ಒಂದು ವರ್ಷ ಏನೂ ಬರೆಯಲಿಲ್ಲ. ಫೈಲ್ ತೆರೆದರೆ ಆ ನಗು ಕೇಳಿಸುತ್ತಿತ್ತು.

ದಯವಿಟ್ಟು ಯಾರ ಬರಹವನ್ನೂ ಅವರ ಒಪ್ಪಿಗೆ ಇಲ್ಲದೆ ಪರದೆ ಮೇಲೆ ಹಾಕಬೇಡಿ. ಇಬ್ಬಿಬ್ಬರು ಕೂತು ಒಬ್ಬರದ್ದನ್ನು ಒಬ್ಬರು ಓದಲಿ. ಮೊದಲು ವಾದ ಏನು ಅಂತ ನೋಡಲಿ. ವ್ಯಾಕರಣ ಕೊನೆಗೆ.

---

ನಿವೃತ್ತ_ಮೇಷ್ಟ್ರು, ಕೊಪ್ಪಳ

ಗಂಗಾವತಿ ತಾಯಿ, ನಿಮ್ಮ ಮಾತು ಓದಿ ಮನಸ್ಸಿಗೆ ನೋವಾಯಿತು. ಮಾರ್ಗದರ್ಶಕರಾಗಿ ನಾವೂ ಇಂಥ ತಪ್ಪು ಮಾಡಿದ್ದೇವೆ. ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದುವುದು ಸುಲಭ. ವಾದ ತಿದ್ದಲು ಕೂತು ಓದಬೇಕು, ಅದಕ್ಕೆ ಸಮಯ ಬೇಕು. ಹಾಗಾಗಿ ಸುಲಭದ್ದನ್ನೇ ಮಾಡುತ್ತಾ ಬಂದೆವು.

ಕಾರ್ಯಾಗಾರದ ಬಗ್ಗೆ ನನ್ನ ಸಲಹೆ: ಮೊದಲ ದಿನ ಪೂರ್ತಿ ಶೀರ್ಷಿಕೆ ಮತ್ತು ಪ್ರಶ್ನೆಗೆ ಕೊಡಿ. ನಮ್ಮ ಕಡೆ ಬರುವ ಪ್ರಬಂಧಗಳ ಶೀರ್ಷಿಕೆ ಹೇಗಿರುತ್ತವೆ ನೋಡಿ. "ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ರೈತರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿಗಳು: ಒಂದು ಅಧ್ಯಯನ." ಇದರಲ್ಲಿ ಪ್ರಶ್ನೆ ಎಲ್ಲಿದೆ? ಸ್ಥಿತಿಗತಿ ಅಂದರೆ ಎಲ್ಲವೂ ಬಂತು. ಜಾತಿ, ಜಮೀನು, ಸಾಲ, ಶೌಚಾಲಯ, ಮೊಬೈಲು. ಎಲ್ಲದಕ್ಕೂ ಒಂದೊಂದು ಕೋಷ್ಟಕ ಹಾಕಿ ಶೇಕಡಾ ಬರೆದರೆ 200 ಪುಟ ಆಗುತ್ತದೆ. ಏನು ಕಂಡಿರಿ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಅದನ್ನೇ ಹೀಗೆ ಕೇಳಿ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಗಂಗಾವತಿ, ಕಾರಟಗಿ ಕಡೆ ಭತ್ತ ನಿಂತಿರುತ್ತದೆ. ಕೊನೆಭಾಗದಲ್ಲಿ ಮಾನ್ವಿ, ಸಿರವಾರ ಕಡೆ ರೈತ ನೀರಿಗೆ ಕಾಯುತ್ತಾನೆ. ಒಂದೇ ಕಾಲುವೆ. ಬೇಸಿಗೆ ಬೆಳೆಗೆ ನೀರು ಬಿಡದ ವರ್ಷ ಕೊನೆಭಾಗದ ಮನೆಗಳು ಏನು ಮಾಡುತ್ತವೆ? ಜಮೀನು ಲಾವಣಿಗೆ, ಅಂದರೆ ಗೇಣಿಗೆ, ಕೊಡುತ್ತವೆಯೇ, ಊರು ಬಿಟ್ಟು ದುಡಿಯಲು ಗುಳೆ ಹೋಗುತ್ತವೆಯೇ, ಬೆಳೆ ಬದಲಿಸುತ್ತವೆಯೇ? ಇದು ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ಕಾಲುವೆ ಕೊನೆಯ ಊರುಗಳ ರೈತರು ಏನು ಮಾತಾಡಿಕೊಂಡರು ಅಂತ ಯಾರಾದರೂ ಕೂಡಲೇ ಹೋಗಿ ಬರೆದುಕೊಂಡಿದ್ದರೆ ಅದೊಂದೇ ಚೆನ್ನಾದ ಲೇಖನ. ನಾನು ಆಗ ಇಬ್ಬರು ವಿದ್ಯಾರ್ಥಿಗಳಿಗೆ ಹೇಳಿದೆ. ಇಬ್ಬರೂ "ಅದು ನಮ್ಮ ಶೀರ್ಷಿಕೆಯಲ್ಲಿ ಬರುವುದಿಲ್ಲ ಸರ್" ಅಂದರು.

---

ಮಸ್ಕಿ_ಕಲ್ಲು, ರಾಯಚೂರು ಜಿಲ್ಲೆ

ಮೇಷ್ಟ್ರೇ, ನಮಸ್ಕಾರ. ಪ್ರಶ್ನೆಯ ಬಗ್ಗೆ ನೀವು ಹೇಳಿದ್ದಕ್ಕೆ ನಾನು ಪೀಠಿಕೆಯ ಮಾತು ಸೇರಿಸುತ್ತೇನೆ. ನಾನು ಇತಿಹಾಸದವನು. ಪೀಠಿಕೆ ಬರೆಯುವುದನ್ನು ಹೇಳಿಕೊಡಲು ನಮ್ಮೂರು ಮಸ್ಕಿಯಲ್ಲಿರುವ ಅಶೋಕನ ಶಾಸನದ ಬಂಡೆಯನ್ನೇ ಹಿಡಿಯುತ್ತೇನೆ.

1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು ಪ್ರಾಚೀನ ಬ್ರಾಹ್ಮಿ ಲಿಪಿಯನ್ನು ಓದಿದ್ದರು. ಬಂಡೆ, ಕಂಬಗಳ ಮೇಲೆ ಇದ್ದದ್ದು "ದೇವಾನಾಂಪ್ರಿಯ ಪ್ರಿಯದರ್ಶಿ" ಎಂಬ ಬಿರುದು. ಈ ರಾಜ ಅಶೋಕನೇ ಅಂತ ಸಿಂಹಳದ ಹಳೆಯ ಗ್ರಂಥಗಳ ನೆರವಿನಿಂದ ವಿದ್ವಾಂಸರು ಹೇಳಿದರು. ಇದು ಅಲ್ಲಿಯವರೆಗೆ ಗೊತ್ತಿದ್ದದ್ದು. ಆದರೆ ಶಾಸನಗಳಲ್ಲಿ ಆ ಹೆಸರು ಸಿಕ್ಕಿರಲಿಲ್ಲ. ಇದು ಕೊರತೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಶಾಸನವನ್ನು ಗುರುತಿಸಿದರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇದು ಹೊಸದು.

ಗೊತ್ತಿದ್ದದ್ದು, ಕೊರತೆ, ಹೊಸದು. ಪೀಠಿಕೆಗೆ ಈ ಮೂರು ಹೆಜ್ಜೆ ಸಾಕು. ಜಾನ್ ಸ್ವೇಲ್ಸ್ ಎಂಬ ಭಾಷಾ ವಿದ್ವಾಂಸರು ಬೇರೆ ಬೇರೆ ವಿಷಯಗಳ ಸಂಶೋಧನಾ ಲೇಖನಗಳನ್ನು ಓದಿ ಅವುಗಳ ಪೀಠಿಕೆಯಲ್ಲಿ ಇಂಥದೇ ಮೂರು ನಡೆ ಗುರುತಿಸಿದ್ದಾರೆ. ಇತಿಹಾಸಕ್ಕೂ ಅದೇ, ರಸಾಯನಶಾಸ್ತ್ರಕ್ಕೂ ಅದೇ.

ಇನ್ನೊಂದು ಮಾತು ಇದೇ ಬಂಡೆಯಿಂದ. ಈಗಲೂ ನನ್ನ ಕೈಗೆ ಬರುವ ಕರಡುಗಳಲ್ಲಿ "ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು" ಅಂತ ಇರುತ್ತದೆ. ಒಂದು ಕಾಲಕ್ಕೆ ಅದು ಸರಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಹೆಸರು ಸಿಕ್ಕಿತು. ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳಲ್ಲೂ ಸಿಕ್ಕಿತು. ಅಂದರೆ ಬಸ್ಸಿನಲ್ಲಿ ಹೋಗಿ ನೋಡಿ ಬರುವಷ್ಟು ಹತ್ತಿರದಲ್ಲಿ ಇರುವ ಪುರಾವೆಯನ್ನು ಬಿಟ್ಟು ಹಳೆಯ ಪಠ್ಯಪುಸ್ತಕದ ವಾಕ್ಯವನ್ನು ನಕಲು ಮಾಡುತ್ತಿದ್ದೇವೆ. ಹಿಂದಿನ ಅಧ್ಯಯನಗಳ ಅವಲೋಕನ ಅಂದರೆ ಹೆಸರುಗಳ ಪಟ್ಟಿ ಅಲ್ಲ. ಈಗ ಎಲ್ಲಿಗೆ ಬಂದು ನಿಂತಿದ್ದೇವೆ ಅಂತ ನೋಡುವ ಕೆಲಸ ಅದು.

---

ಸಿಂಧನೂರು_ಬಸ್

ಹಿರಿಯರಿಗೆಲ್ಲ ನಮಸ್ಕಾರ. ನಾನು ಪಿಎಚ್‌ಡಿ ಎರಡನೇ ವರ್ಷ. ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಪ್ರಬಂಧ ಒಪ್ಪಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಅನ್ನುವುದನ್ನು ತೆಗೆದಿದ್ದಾರೆ ಅಲ್ವಾ? ಹಾಗಿದ್ದರೆ ನಾನು ಈಗಲೇ ಲೇಖನ ಬರೆಯುವ ಕಾರ್ಯಾಗಾರಕ್ಕೆ ಬರಬೇಕಾ, ಇಲ್ಲಾ ಪ್ರಬಂಧ ಮುಗಿದ ಮೇಲಾ?

ಇನ್ನೊಂದು. ಹೋದ ತಿಂಗಳು ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು. ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಮೇತ ಅಂತ. 1,800 ರೂಪಾಯಿ ಕಟ್ಟಿದೆ. ಲೇಖನ ಬಂತು. ಆದರೆ ಯಾರೂ ಅದನ್ನು ಓದಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಹೆಸರಿನ ಕಾಗುಣಿತವೂ ತಪ್ಪಾಗಿದೆ. ಈಗ ಏನು ಮಾಡಲಿ?

---

ಪುಸ್ತಕದ_ಕಪಾಟು, ಬಳ್ಳಾರಿ

ತಮ್ಮಾ, ದಡ್ಡ ಪ್ರಶ್ನೆ ಏನೂ ಅಲ್ಲ. ನಾನು ಕಾಲೇಜು ಗ್ರಂಥಪಾಲಕ. ವಾರಕ್ಕೆ ಒಬ್ಬರಾದರೂ ಇದೇ ಕಥೆ ಹಿಡಿದು ಬರುತ್ತಾರೆ.

ನಿಯಮದ ಬಗ್ಗೆ ನೀನು ಹೇಳಿದ್ದು ಸರಿ. 2016ರ ನಿಯಮದಲ್ಲಿ ಒಂದು ಲೇಖನ, ಎರಡು ಸಮ್ಮೇಳನ ಮಂಡನೆ ಬೇಕಿತ್ತು. 2022ರಲ್ಲಿ ಅದು ಕಡ್ಡಾಯ ಇಲ್ಲ. ಆದರೂ ನಿನ್ನ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನಿದೆ ಅಂತ ಒಂದು ಸಲ ವಿಭಾಗದಲ್ಲಿ ಕೇಳು. ಕಡ್ಡಾಯ ಇಲ್ಲದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಗಡುವಿನ ಭಯಕ್ಕೆ ದುಡ್ಡು ಕೊಟ್ಟು ಹಾಕಿಸುವುದು ತಪ್ಪುತ್ತದೆ. ನಿಧಾನವಾಗಿ ಒಂದೇ ಒಂದು ಚೆನ್ನಾದ ಲೇಖನ ಬರಿ.

ದುಡ್ಡು ಕೊಟ್ಟು ಹಾಕಿಸಿದ್ದನ್ನು ಮರೆತುಬಿಡು. ಅರ್ಜಿಗಳಲ್ಲಿ ತೋರಿಸಬೇಡ. ಅದೇ ಬರಹವನ್ನು ಹೊಸದು ಅಂತ ಬೇರೆ ಕಡೆಗೂ ಕಳಿಸಬೇಡ. ಆ ಮಾಹಿತಿ ಬಳಸಿ ಬೇರೆ ಪ್ರಶ್ನೆ ಇಟ್ಟುಕೊಂಡು ಹೊಸದಾಗಿ ಬರಿ. ಹಳೆಯದು ಇದೆ ಅಂತ ಸಂಪಾದಕರಿಗೆ ಮೊದಲೇ ತಿಳಿಸು.

ನಿಯತಕಾಲಿಕೆ ಆರಿಸುವ ಬಗ್ಗೆ ಕಾರ್ಯಾಗಾರದಲ್ಲಿ ಅರ್ಧ ದಿನ ಬೇಕೇ ಬೇಕು ಮೇಡಂ. ಮೊದಲು ಯುಜಿಸಿ ಕೇರ್ ಪಟ್ಟಿ ಅಂತ, ಯುಜಿಸಿ ಒಪ್ಪಿದ ನಿಯತಕಾಲಿಕೆಗಳ ಪಟ್ಟಿ, ಒಂದು ಊರುಗೋಲು ಇತ್ತು. 2025ರ ಫೆಬ್ರುವರಿಯಲ್ಲಿ ಅದನ್ನು ನಿಲ್ಲಿಸಿದರು. ಈಗ ಪಟ್ಟಿ ಇಲ್ಲ, ನಾವೇ ಪರೀಕ್ಷಿಸಬೇಕು. ನಾನು ಹುಡುಗರಿಗೆ ಮಾಡಿಸುವುದು ಇಷ್ಟು. ಆ ನಿಯತಕಾಲಿಕೆಯ ಹಿಂದಿನ ಎರಡು ಸಂಚಿಕೆ ತೆಗೆದು ಮೂರು ಲೇಖನ ಓದಿ. ಒಂದೇ ಸಂಚಿಕೆಯಲ್ಲಿ ಸಸ್ಯಶಾಸ್ತ್ರ, ವಾಣಿಜ್ಯ, ವಚನ ಸಾಹಿತ್ಯ ಎಲ್ಲವೂ ಇದ್ದರೆ ಅನುಮಾನ ಪಡಿ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರ ಹೆಸರನ್ನು ಅವರ ವಿಶ್ವವಿದ್ಯಾಲಯದ ಪುಟದಲ್ಲಿ ಹುಡುಕಿ. ಐಎಸ್‌ಎಸ್‌ಎನ್ ಸಂಖ್ಯೆಯನ್ನು, ಅಂದರೆ ನಿಯತಕಾಲಿಕೆಯ ಗುರುತಿನ ಸಂಖ್ಯೆಯನ್ನು, ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಹೆಸರು ತಾಳೆ ಆಗಬೇಕು. ಸ್ಕೋಪಸ್ ಎಂಬ ಸಂಶೋಧನಾ ಲೇಖನಗಳ ಸೂಚಿಯಲ್ಲಿ ಇದೆ ಅಂತ ಅವರೇ ಹೇಳಿಕೊಂಡರೆ ಸಾಲದು, ಸ್ಕೋಪಸ್‌ನ ಸ್ವಂತ ಪಟ್ಟಿಯಲ್ಲಿ ನೋಡಿ. ಹಳೆಯ ಒಳ್ಳೆಯ ನಿಯತಕಾಲಿಕೆಯ ಹೆಸರಿನಲ್ಲೇ ನಕಲಿ ಜಾಲತಾಣ ಮಾಡುವವರೂ ಇದ್ದಾರೆ.

ಓದಲು ಲೇಖನ ಸಿಗುವುದಿಲ್ಲ ಅನ್ನುವವರಿಗೆ ಒಂದು ಮಾತು. 2025ರ ಜನವರಿಯಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲದ ಮೂಲಕ ಸಿಗುತ್ತವೆ. ನಿಮ್ಮ ಸಂಸ್ಥೆ ಸೇರಿದೆಯೇ, ಲಾಗಿನ್ ಹೇಗೆ ಅಂತ ನಿಮ್ಮ ಗ್ರಂಥಪಾಲಕರ ಹತ್ತಿರ ಕೇಳಿ. ಯಾರೂ ಕೇಳದೆ ಅದು ಸುಮ್ನೆ ಬಿದ್ದಿರುತ್ತದೆ. ಬೇರೆಯವರ ಪ್ರಬಂಧ ನೋಡಲು ಶೋಧಗಂಗಾ ಎಲ್ಲರಿಗೂ ಉಚಿತ.

---

ಬಿಸಿಲೂರು, ರಾಯಚೂರು

ಕಪಾಟು ಸರ್, ತಂತ್ರಾಂಶದಲ್ಲಿ ಹಾಕಿ ನೋಡಿದಾಗ ಬೇರೆಯವರ ಬರಹಕ್ಕೆ ಹೋಲುವ ಭಾಗ, ಅಂದರೆ ಕೃತಿಚೌರ್ಯ, ಶೇಕಡಾ ಎಷ್ಟಿದ್ದರೆ ಸುರಕ್ಷಿತ?

---

ಪುಸ್ತಕದ_ಕಪಾಟು, ಬಳ್ಳಾರಿ

2018ರ ಯುಜಿಸಿ ನಿಯಮದಲ್ಲಿ ಶೇ. 10ರವರೆಗೆ ದಂಡ ಇಲ್ಲ. 10ರಿಂದ 40 ಇದ್ದರೆ ಪ್ರಬಂಧ ತಿದ್ದಿ ಆರು ತಿಂಗಳ ಒಳಗೆ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಧಾರ ಕೊಟ್ಟು ಉದ್ಧರಿಸಿದ್ದು, ಗ್ರಂಥಸೂಚಿ, ಪರಿವಿಡಿ ಇವು ಲೆಕ್ಕಕ್ಕೆ ಬರುವುದಿಲ್ಲ.

ಆದರೆ "ಎಷ್ಟಿದ್ದರೆ ಸುರಕ್ಷಿತ" ಅನ್ನುವ ಪ್ರಶ್ನೆಯೇ ನನಗೆ ಬೇಜಾರು ತರುತ್ತದೆ. ಬೇರೆಯವರ ವಿಚಾರವನ್ನು ಪದ ಬದಲಿಸಿ ಬರೆದರೆ ತಂತ್ರಾಂಶ ಹಿಡಿಯದೇ ಇರಬಹುದು. ಆದರೂ ಅದು ಕಳವೇ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಬಂಧ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯಾವುದರ ಜೊತೆಗೂ ತಾಳೆ ಆಗುವುದಿಲ್ಲ. ಸೊನ್ನೆ ಬಂತು ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಅದು ಪರೀಕ್ಷೆಯೇ ಆಗಿಲ್ಲ ಅಂತ ಅರ್ಥ. ಮೊದಲ ದಿನದಿಂದಲೇ ಯಂತ್ರಕ್ಕೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಬರೆಯಿರಿ. ಮುಂದೆ ಯಾರಾದರೂ ನಿಮ್ಮ ಪ್ರಬಂಧ ಹುಡುಕಿದಾಗಲೂ ಆಗಲೇ ಸಿಗುತ್ತದೆ.

---

ಎರೆಹೊಲ, ರಾಯಚೂರು

ನಾನು ಕೃಷಿ ವಿಜ್ಞಾನದವನು. ತೊಗರಿ ಮೇಲೆ ಕೆಲಸ. ಸಮಾಜವಿಜ್ಞಾನದವರ ಚರ್ಚೆಯಲ್ಲಿ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಡೆಯ ಒಂದು ಅಭ್ಯಾಸ ನಿಮಗೂ ಉಪಯೋಗ ಆಗಬಹುದು ಅನ್ನಿಸಿತು.

ನಾವು ಲೇಖನವನ್ನು ಮೊದಲಿನಿಂದ ಬರೆಯುವುದಿಲ್ಲ. ಮೊದಲು ಕೋಷ್ಟಕ ಮತ್ತು ಚಿತ್ರ ಮಾಡಿ ಮೇಜಿನ ಮೇಲೆ ಇಡುತ್ತೇವೆ. ಮೂರೋ ನಾಲ್ಕೋ ಇರುತ್ತವೆ. ಪ್ರತಿಯೊಂದರ ಕೆಳಗೆ "ಇದು ಏನು ಹೇಳುತ್ತದೆ" ಅಂತ ಒಂದು ವಾಕ್ಯ. ಏನೂ ಹೇಳದ ಕೋಷ್ಟಕ ಹೊರಗೆ. ಆಮೇಲೆ ಫಲಿತಾಂಶ ಬರೆಯುತ್ತೇವೆ, ಆಮೇಲೆ ವಿಧಾನ. ವಿಧಾನ ಎಷ್ಟು ಸ್ಪಷ್ಟ ಇರಬೇಕು ಅಂದರೆ, ಓದಿದವರು ತಮ್ಮ ಹೊಲದಲ್ಲಿ ಅದೇ ಪ್ರಯೋಗ ಮಾಡಲು ಆಗಬೇಕು. ಎಷ್ಟು ತಾಕು, ಎಷ್ಟು ಸಲ ಪುನರಾವರ್ತನೆ, ಸಾಲಿನಿಂದ ಸಾಲಿಗೆ ಎಷ್ಟು ಅಂತರ, ಯಾವ ಮಣ್ಣು, ಎಷ್ಟು ಮಳೆ. ಚರ್ಚೆ ಅದರ ನಂತರ. ಪೀಠಿಕೆ ಕೊನೆಗೆ, ಸಾರಾಂಶ ಎಲ್ಲಕ್ಕಿಂತ ಕೊನೆಗೆ.

ಪೀಠಿಕೆಯಿಂದ ಶುರು ಮಾಡುವವರು ಪೀಠಿಕೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನಾನೇ ಒಂದು ಮುಂಗಾರು ಪೂರ್ತಿ ಮೊದಲ ಪುಟದಲ್ಲೇ ಕಳೆದವನು.

ಭಾಷೆಯ ಬಗ್ಗೆ: ನಮಗೆ ಇಂಗ್ಲಿಷ್ ಬಿಟ್ಟು ದಾರಿ ಇಲ್ಲ. ಆ ವಿಷಯಕ್ಕೆ ಪ್ರತ್ಯೇಕ ಗುಂಪು ಮಾಡಿದರೆ ಒಳ್ಳೆಯದು.

---

ನಿವೃತ್ತ_ಮೇಷ್ಟ್ರು, ಕೊಪ್ಪಳ

ಎರೆಹೊಲದವರು ಹೇಳಿದ ಕ್ರಮ ಚೆನ್ನಾಗಿದೆ. ಭಾಷೆಯ ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯ ಇದೆ. ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಆದರೆ ಇಂಗ್ಲಿಷ್ ಬರದಿರುವುದನ್ನೂ ವಿಚಾರ ಸ್ಪಷ್ಟ ಇಲ್ಲದಿರುವುದನ್ನೂ ಒಂದೇ ಅಂತ ತಿಳಿಯುತ್ತೇವೆ. ಹುಡುಗ ಕನ್ನಡದಲ್ಲಿ ಮಾತಾಡುವಾಗ ಮುತ್ತಿನಂಥ ವಿಚಾರ ಹೇಳುತ್ತಾನೆ. ಅದನ್ನೇ ಇಂಗ್ಲಿಷಿನಲ್ಲಿ ಬರೆದು ತಂದಾಗ ಯಾವುದೋ ಪುಸ್ತಕದ ಮೂರು ಸಾಲು ಜೋಡಿಸಿರುತ್ತಾನೆ. ಯಾಕೆಂದರೆ ಅವನ ವಿಚಾರಕ್ಕೆ ಅವನ ಬಳಿ ಇಂಗ್ಲಿಷ್ ವಾಕ್ಯ ಇಲ್ಲ, ಪುಸ್ತಕದ ವಿಚಾರಕ್ಕೆ ಇದೆ. ಅರ್ಧ ಕೃತಿಚೌರ್ಯ ಹುಟ್ಟುವುದು ಇಲ್ಲಿ. ಅವನು ಕಳ್ಳ ಅಲ್ಲ.

ಹಾಗಾಗಿ ಮೊದಲ ಕರಡು ಎಲ್ಲರದ್ದೂ ಕನ್ನಡದಲ್ಲೇ ಇರಲಿ. ವಿಜ್ಞಾನದವರದ್ದೂ. ಬೇಕಾದರೆ ಫೋನಿನಲ್ಲಿ ಮಾತಾಡಿ ಧ್ವನಿ ಮುದ್ರಿಸಿಕೊಳ್ಳಲಿ. ಕೇಳುತ್ತಾ ಬರೆಯಲಿ. ವಾದ ನಿಂತ ಮೇಲೆ ಇಂಗ್ಲಿಷಿಗೆ ಹೋಗುವುದು ಕೂಲಿ ಕೆಲಸದಷ್ಟೇ, ಶ್ರಮ ಬೇಕು, ಭಯ ಬೇಕಿಲ್ಲ. ಇನ್ನು ಕನ್ನಡದಲ್ಲೇ ಪ್ರಕಟಿಸುವವರು ತಾವು ಕಡಿಮೆ ಅಂದುಕೊಳ್ಳಬಾರದು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೇ ಕನ್ನಡದಲ್ಲಿ ಸಂಶೋಧನೆ ಆಗಲಿ ಅಂತ.

---

ಎರೆಹೊಲ, ರಾಯಚೂರು

ಮೇಷ್ಟ್ರೇ, ಒಪ್ಪಿದೆ. ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೊಲದಲ್ಲಿ ರೈತರಿಗೆ ವಿವರಿಸುವಾಗ ನನ್ನ ಪ್ರಯೋಗ ನನಗೇ ಚೆನ್ನಾಗಿ ಅರ್ಥ ಆಗುತ್ತದೆ. ಅದನ್ನು ಬರೆಯಬಹುದಿತ್ತು ಅಂತ ಈಗ ಹೊಳೆಯಿತು.

---

ಗಂಗಾವತಿ_ಗೆಳತಿ

ಎಐ ಬಗ್ಗೆಯೂ ಒಂದು ಮಾತು ಬೇಕು ಅಕ್ಕ. ಭಾಷೆ ತಿದ್ದಲು ನಾನು ಬಳಸುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ಒಂದು ಸಲ ಗುಳೆ ಬಗ್ಗೆ ಹಿಂದಿನ ಅಧ್ಯಯನ ಕೇಳಿದಾಗ ಐದು ಲೇಖನಗಳ ಪಟ್ಟಿ ಕೊಟ್ಟಿತು. ಲೇಖಕರ ಹೆಸರು, ವರ್ಷ, ಪುಟ ಎಲ್ಲ ಇತ್ತು. ಹುಡುಕಿದರೆ ಮೂರು ಲೇಖನ ಎಲ್ಲೂ ಇಲ್ಲ. ಪರಿಶೀಲಿಸದೆ ಹಾಕಿದ್ದರೆ ನನ್ನ ಗತಿ ಏನು? ತಾನು ಕೈಯಲ್ಲಿ ಹಿಡಿದು ಓದದ ಯಾವುದನ್ನೂ ಗ್ರಂಥಸೂಚಿಗೆ ಹಾಕಬಾರದು ಅಂತ ಮೊದಲ ದಿನವೇ ಹೇಳಿಬಿಡಿ.

---

ಪುಸ್ತಕದ_ಕಪಾಟು, ಬಳ್ಳಾರಿ

ಹೌದು ತಂಗಿ. ಜೊಟೆರೊ ಎಂಬ ಉಚಿತ ತಂತ್ರಾಂಶ ಇದೆ. ಓದಿದ್ದನ್ನು ಅದರಲ್ಲಿ ಹಾಕುತ್ತಾ ಹೋದರೆ ಗ್ರಂಥಸೂಚಿ ತಾನೇ ಮಾಡಿಕೊಡುತ್ತದೆ. ಒಂದು ಮಧ್ಯಾಹ್ನ ಸಾಕು, ನಾನೇ ಬಂದು ಕಲಿಸುತ್ತೇನೆ. ದುಡ್ಡು ಬೇಡ.

---

ಕೋಟೆ_ಕೆಳಗಿನ_ಮನೆ, ಬಳ್ಳಾರಿ

ಎಲ್ಲರ ಮಾತನ್ನೂ ನಿನ್ನೆ ರಾತ್ರಿ ಕೂತು ಮತ್ತೆ ಓದಿದೆ. ಗೆಳೆಯರ ಜೊತೆ ಮಾತಾಡಿದೆ. ಹೀಗೆ ಮಾಡೋಣ ಅಂತ ಇದ್ದೇವೆ.

ಇಪ್ಪತ್ತು ಜನ ಮಾತ್ರ. ಅದಕ್ಕಿಂತ ಜಾಸ್ತಿ ಆದರೆ ಎಲ್ಲರ ಪುಟ ಓದಲು ಆಗುವುದಿಲ್ಲ. ಓದಿ ಹೇಳಲು ನಾಲ್ಕು ಹಿರಿಯರು, ಒಬ್ಬೊಬ್ಬರಿಗೆ ಐದು ಜನ. ಆ ಹಿರಿಯರು ಐದೂ ದಿನ ಇರಬೇಕು. ಒಂದು ಗಂಟೆ ಮಾತಾಡಿ ಕಾರು ಹತ್ತುವಂತಿಲ್ಲ. ಮೇಷ್ಟ್ರೇ, ನಿಮ್ಮನ್ನು ಕೇಳದೆ ನಿಮ್ಮ ಹೆಸರು ಮೊದಲು ಬರೆದಿದ್ದೇನೆ.

ಬರುವವರು ತಮ್ಮ ಬರಹದ ಏನನ್ನಾದರೂ ತರಲೇಬೇಕು. ಹರಿದ ಕರಡು ಆದರೂ ಸರಿ, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಆದರೂ ಸರಿ. ಉದ್ಘಾಟನೆ ಇಲ್ಲ. ಹಾರ, ಶಾಲಿನ ಹಣದಲ್ಲಿ ಮಕ್ಕಳ ಕೋಣೆಗೆ ಒಬ್ಬ ಆಯಾ ಇಡುತ್ತೇವೆ. ಇದಕ್ಕೆ ನಮ್ಮವರಲ್ಲೇ ಒಬ್ಬರು ಸುಲಭಕ್ಕೆ ಒಪ್ಪಲಿಲ್ಲ. ಗಣ್ಯರನ್ನು ಕರೆಯದಿದ್ದರೆ ಸಭಾಂಗಣ ಸಿಗುವುದಿಲ್ಲ ಅಂದರು. ಅದು ನಿಜವಾದ ತೊಂದರೆಯೇ. ಕೊನೆಗೆ ಸಭಾಂಗಣವೇ ಬೇಡ ಅಂತ ತೀರ್ಮಾನಿಸಿದೆವು. ಎರಡು ತರಗತಿ ಕೋಣೆ, ಫ್ಯಾನು, ಕುಡಿಯುವ ನೀರು, ಕರೆಂಟು ಸಾಕು. ದೂರದವರಿಗಾಗಿ ಹನ್ನೊಂದಕ್ಕೆ ಶುರು. ಒಂದೂವರೆ ತನಕ ಬರೆಯುವುದು, ಫೋನು ಹೊರಗೆ. ರೊಟ್ಟಿ ಊಟ. ಮಧ್ಯಾಹ್ನ ಇಬ್ಬಿಬ್ಬರು ಕೂತು ಓದುವುದು. ಐದಕ್ಕೆ ಮುಗಿಯುತ್ತದೆ, ಬಸ್ಸು ಸಿಗುತ್ತದೆ.

ಐದು ದಿನಕ್ಕೇ ನಿಲ್ಲಬಾರದು. ಆಮೇಲೆ ತಿಂಗಳಿಗೊಂದು ಭಾನುವಾರ ಸೇರೋಣ. ಒಂದು ಸಲ ಹೊಸಪೇಟೆ, ಒಂದು ಸಲ ಸಿಂಧನೂರು, ಒಂದು ಸಲ ಕೊಪ್ಪಳ. ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ) ಅವರು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಹತ್ತು ದಿನದ ಸಂಶೋಧನಾ ವಿಧಾನ ತರಬೇತಿಗೆ, ಅಧ್ಯಾಪಕರಿಗೆ ಎರಡು ವಾರದ ಕಾರ್ಯಕ್ರಮಕ್ಕೆ ಸಂಸ್ಥೆಗಳಿಗೆ ನೆರವು ಕೊಡುತ್ತಾರೆ. ಮುಂದಿನ ವರ್ಷ ಅದಕ್ಕೂ ಅರ್ಜಿ ಹಾಕೋಣ. ಈ ವರ್ಷ ನಮ್ಮ ಕೈಲಾದಷ್ಟು.

---

ನಿವೃತ್ತ_ಮೇಷ್ಟ್ರು, ಕೊಪ್ಪಳ

ಬರುತ್ತೇನಮ್ಮಾ. ಐದೂ ದಿನ ಇರುತ್ತೇನೆ. ಬೆಳಗಿನ ರೈಲಿಗೆ ಬಂದುಬಿಡುತ್ತೇನೆ.

---

ಸಿಂಧನೂರು_ಬಸ್

ನನ್ನ ಹೆಸರು ಬರೆದುಕೊಳ್ಳಿ ಮೇಡಂ. ಧೈರ್ಯ ಮಾಡಿ ನನ್ನ ಪೀಠಿಕೆಯ ಮೊದಲ ಸಾಲುಗಳನ್ನು ಇಲ್ಲೇ ಹಾಕುತ್ತೇನೆ. ಯಾರಾದರೂ ಓದಿ.

"ಭಾರತವು ಕೃಷಿ ಪ್ರಧಾನ ದೇಶವಾಗಿದೆ. ಪ್ರಾಚೀನ ಕಾಲದಿಂದಲೂ ವಲಸೆಯು ಮಾನವ ಜೀವನದ ಅವಿಭಾಜ್ಯ ಅಂಗವಾಗಿದೆ. ಈ ಹಿನ್ನೆಲೆಯಲ್ಲಿ ಪ್ರಸ್ತುತ ಅಧ್ಯಯನವು ರಾಯಚೂರು ಜಿಲ್ಲೆಯ ವಲಸೆ ಕುಟುಂಬಗಳ ಸ್ಥಿತಿಗತಿಗಳ ಮೇಲೆ ಬೆಳಕು ಚೆಲ್ಲುವ ಒಂದು ಪ್ರಯತ್ನವಾಗಿದೆ."

---

ಮಸ್ಕಿ_ಕಲ್ಲು, ರಾಯಚೂರು ಜಿಲ್ಲೆ

ಹಾಕಿದ್ದು ಒಳ್ಳೆಯದಾಯಿತು ತಮ್ಮಾ. ಮೊದಲ ಎರಡು ವಾಕ್ಯ ಯಾರು ಬೇಕಾದರೂ ಬರೆಯಬಹುದು, ನೀನು ಊರಿಗೆ ಹೋಗದೆಯೂ ಬರೆಯಬಹುದಿತ್ತು. ತೆಗೆದುಬಿಡು. ಮೂರನೆಯದರಲ್ಲಿ "ಸ್ಥಿತಿಗತಿ" ಬಂದಿದೆ, ಮೇಷ್ಟ್ರು ಮೇಲೆ ಹೇಳಿದ್ದು ನೋಡು. ಈಗ ಒಂದು ಪ್ರಶ್ನೆ. ನೀನು ಹಳ್ಳಿಗೆ ಹೋದಾಗ ನಿನಗೆ ಆಶ್ಚರ್ಯ ಆಗಿದ್ದು ಏನು?

---

ಸಿಂಧನೂರು_ಬಸ್

ಆಶ್ಚರ್ಯ ಅಂದರೆ ಅಣ್ಣಾ, ನಾನು ಗುಳೆ ಹೋದವರ ಬಗ್ಗೆ ಕೇಳಲು ಹೋಗಿದ್ದೆ. ಮನೆಯಲ್ಲಿ ಅವರು ಇರಲಿಲ್ಲ, ಬೆಂಗಳೂರಿಗೆ ಹೋಗಿದ್ದರು. ಇದ್ದವರು ಅಜ್ಜಿಯರು ಮತ್ತು ಮಕ್ಕಳು. ಒಬ್ಬ ಅಜ್ಜಿ ತನ್ನ ಮೊಮ್ಮಕ್ಕಳ ಜೊತೆಗೆ ಪಕ್ಕದ ಎರಡು ಮನೆಯ ಮಕ್ಕಳಿಗೂ ಅಡುಗೆ ಮಾಡುತ್ತಿದ್ದಳು. ಅವರ ತಂದೆತಾಯಿ ಜೋಳ ಕೊಟ್ಟು ಹೋಗಿದ್ದರಂತೆ. ಇದು ನನ್ನ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಹಾಗಾಗಿ ಬರೆಯಲಿಲ್ಲ.

---

ಗಂಗಾವತಿ_ಗೆಳತಿ

ಅಯ್ಯೋ ತಮ್ಮಾ, ಅದೇ ನಿನ್ನ ಲೇಖನ! ಈಗಲೇ ಬರಿ. ಗೊತ್ತಿದ್ದದ್ದು, ಕೊರತೆ, ನೀನು ಕಂಡದ್ದು.

---

ಸಿಂಧನೂರು_ಬಸ್

ಒಂದೂವರೆ ಗಂಟೆ ಆಯಿತು. ಇಷ್ಟು ಬಂದಿದೆ.

"ರಾಯಚೂರು ಜಿಲ್ಲೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಬಗ್ಗೆ ನಾನು ಓದಿದ ಅಧ್ಯಯನಗಳು ಹೋದವರ ಕೂಲಿ, ಸಾಲ, ವಸತಿಯನ್ನು ನೋಡುತ್ತವೆ. ಊರಿನಲ್ಲಿ ಉಳಿದ ಮಕ್ಕಳನ್ನು ಆ ತಿಂಗಳುಗಳಲ್ಲಿ ಯಾರು ಸಾಕುತ್ತಾರೆ ಎಂಬುದನ್ನು ನೋಡುವುದಿಲ್ಲ. ನಾನು ಹೋದ ಮೂರು ಹಳ್ಳಿಗಳಲ್ಲಿ ಒಬ್ಬ ಅಜ್ಜಿಯ ಒಲೆಯ ಮೇಲೆ ಹಲವು ಮನೆಯ ಮಕ್ಕಳ ಊಟ ನಿಂತಿದೆ. ಇದಕ್ಕೆ ಹಣ ಇಲ್ಲ, ಜೋಳದ ಲೆಕ್ಕ ಇದೆ. ಆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ."

---

ನಿವೃತ್ತ_ಮೇಷ್ಟ್ರು, ಕೊಪ್ಪಳ

ಮಗಾ, ಆ ಅಜ್ಜಿಯ ಹತ್ತಿರ ಇನ್ನೊಂದು ಸಲ ಹೋಗು. ಎಷ್ಟು ಜೋಳ, ಎಷ್ಟು ತಿಂಗಳಿಗೆ, ಕಡಿಮೆ ಬಿದ್ದರೆ ಏನು ಮಾಡುತ್ತಾಳೆ, ಮಗುವಿಗೆ ಜ್ವರ ಬಂದರೆ ಯಾರು ದವಾಖಾನೆಗೆ ಕರೆದೊಯ್ಯುತ್ತಾರೆ, ಕೇಳಿಕೊಂಡು ಬಾ. "ಹಲವು ಮನೆ" ಅಂತ ಬರೆದಿದ್ದೀಯ, ಎಣಿಸಿ ಬರಿ. ದಸರಾ ಹೊತ್ತಿಗೆ ಆ ಟಿಪ್ಪಣಿ ಪುಸ್ತಕ ತೆಗೆದುಕೊಂಡು ಬಳ್ಳಾರಿಗೆ ಬಾ. ನಾನು ನಿನ್ನ ಪಕ್ಕದಲ್ಲೇ ಕೂರುತ್ತೇನೆ.

---

ಸಿಂಧನೂರು_ಬಸ್

ಭಾನುವಾರ ಹೋಗುತ್ತಿದ್ದೇನೆ ಸರ್.

---

ಕೋಟೆ_ಕೆಳಗಿನ_ಮನೆ, ಬಳ್ಳಾರಿ

ಗಂಗಾವತಿ ತಂಗಿಯದೂ ಸೇರಿ ಎರಡು ಹೆಸರು ಬರೆದುಕೊಂಡೆ. ಇನ್ನು ಹದಿನೆಂಟು ಜಾಗ ಇವೆ. ಬರುವವರು ನಿಮ್ಮ ವಿಷಯ, ಈಗ ಎಲ್ಲಿಯವರೆಗೆ ಬರೆದಿದ್ದೀರಿ, ಮಕ್ಕಳನ್ನು ಕರೆತರುತ್ತೀರಾ, ಈ ಮೂರನ್ನು ಇಲ್ಲೇ ಕೆಳಗೆ ಬರೆಯಿರಿ. ಗಂಗಾವತಿ ತಂಗಿ, ನಿನ್ನ ಮಗಳಿಗೆ ಬಣ್ಣದ ಪೆನ್ಸಿಲ್ ತಂದಿಟ್ಟಿರುತ್ತೇನೆ.